ಥಿಯೇಟರ್ ರಸ್ತೆಯಿಂದ ಮಾವಿನ ತೋಪಿಗೆ

ಬಾಂಗ್ಲಾದೇಶದ ಮೊದಲ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ ಮುಜಿಬ್‌ನಗರಕ್ಕೆ ಹೊರಟವರು ಮೊದಲ ದಿನ ಕೋಲ್ಕತ್ತಾ ಬಿಟ್ಟು ಕದಲಬಾರದು. 1971ರಲ್ಲಿ ಬಾಂಗ್ಲಾದೇಶದ ದೇಶಭ್ರಷ್ಟ ಸರ್ಕಾರದ ಪತ್ರಗಳ ತಲೆಯ ಮೇಲೆ ‘ಮುಜಿಬ್‌ನಗರ’ ಎಂದಿರುತ್ತಿತ್ತು. ಆದರೆ ಕಡತ ಓಡಾಡುತ್ತಿದ್ದದ್ದು ಕೋಲ್ಕತ್ತಾದ 8, ಥಿಯೇಟರ್ ರಸ್ತೆಯಲ್ಲಿ. ಆ ರಸ್ತೆ ಈಗ ಶೇಕ್ಸ್‌ಪಿಯರ್ ಸರಣಿ, ಆ ಮನೆ ಶ್ರೀ ಅರವಿಂದ ಭವನ. ಮೈದಾನ್ ಮೆಟ್ರೊದಲ್ಲಿ ಇಳಿದರೆ ನಡಿಗೆಯ ದೂರ. ಜನ ಇಲ್ಲಿಗೆ ಬರುವುದು ಧ್ಯಾನಕ್ಕೆ, ಆದ್ದರಿಂದ ದನಿ ತಗ್ಗಿರಲಿ. ಪ್ರಧಾನಿ ತಾಜುದ್ದೀನ್ ಅಹ್ಮದ್ ಕಚೇರಿಯ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದರು, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಹೆಂಡತಿ ಮಕ್ಕಳು ಅದೇ ಊರಿನಲ್ಲಿದ್ದರೂ, ದೇಶ ಬಿಡುಗಡೆಯಾಗುವವರೆಗೆ ಅವರ ಜೊತೆ ಸಂಸಾರ ಮಾಡುವುದಿಲ್ಲ ಎಂಬ ಹಟ.

ಮಧ್ಯಾಹ್ನಕ್ಕೆ ಪಾರ್ಕ್ ಸರ್ಕಸ್ ಕಡೆಯ 9, ಸರ್ಕಸ್ ಅವೆನ್ಯೂ ಸಾಕು. ಪಾಕಿಸ್ತಾನದ ಉಪ ಹೈಕಮಿಷನರ್ ಆಗಿದ್ದ ಹೊಸೇನ್ ಅಲಿ 1971ರ ಏಪ್ರಿಲ್ 18ರಂದು ಬಂಗಾಳಿ ಸಿಬ್ಬಂದಿಯೊಂದಿಗೆ ಪಕ್ಷ ಬದಲಿಸಿ ಬಾಂಗ್ಲಾ ಧ್ವಜ ಏರಿಸಿದ್ದು ಇಲ್ಲೇ. ಹೊರಗಿನಿಂದ ನೋಡಿ, ಇದು ಇಂದಿಗೂ ರಾಜತಾಂತ್ರಿಕ ಕಚೇರಿ, ಕ್ಯಾಮೆರಾ ಎತ್ತಿದರೆ ಪೊಲೀಸರು ಬರುತ್ತಾರೆ.

ಮರುದಿನ ಸಿಯಾಲ್ದಾದಿಂದ ಬೆಳಗಿನ ಗೇದೆ ಲೋಕಲ್ ಹಿಡಿಯಬೇಕು. ಸುಮಾರು ಎರಡೂವರೆ ಮೂರು ಗಂಟೆಯ ದಾರಿ, ಗೇದೆಯೇ ಕೊನೆಯ ನಿಲ್ದಾಣ. ಗಡಿಯಾಚೆ ದರ್ಶನಾ. ವೀಸಾ ಅರ್ಜಿಯಲ್ಲಿ ಈ ಗಡಿಠಾಣೆಯ ಹೆಸರನ್ನೇ ಬರೆಯಿರಿ, ಠಾಣೆ ತೆರೆದಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ. ಎರಡು ದೇಶಗಳ ಸಂಬಂಧ ಬಿಗಿಯಾದಾಗ ಮೊದಲ ಪೆಟ್ಟು ಬೀಳುವುದು ಪ್ರವಾಸಿ ವೀಸಾಕ್ಕೆ. ಗಡಿ ದಾಟಿದೊಡನೆ ಗಡಿಯಾರ ಅರ್ಧ ಗಂಟೆ ಮುಂದಕ್ಕೆ.

ದರ್ಶನಾದಿಂದ ಕಾರ್ಪಾಸ್‌ಡಾಂಗಾ ಮೇಲೆ ಹಾದು ಬೈದ್ಯನಾಥತಲಾ, ಅಂದರೆ ಇಂದಿನ ಮುಜಿಬ್‌ನಗರ, ಸೇರಬಹುದು. ತೋಪಿನ ಒಳಗೆ ನಿಂತು ಒಮ್ಮೆ ತಲೆ ಎತ್ತಿ ನೋಡಿ: ಹಳೆಯ ಮಾವಿನ ಮರಗಳು, ಕೊಂಬೆಗೆ ಕೊಂಬೆ ಹೆಣೆದ ಚಪ್ಪರ. ಪ್ರಮಾಣವಚನಕ್ಕೆ ಈ ಜಾಗ ಆರಿಸಿದ ಕಾರಣ ಅಲ್ಲೇ ಕಾಣುತ್ತದೆ. ಮೊದಲು ಗೊತ್ತು ಮಾಡಿದ್ದು ಚುವಾಡಾಂಗಾ. ಸುದ್ದಿ ಸೋರಿತು, ಪಾಕ್ ವಿಮಾನಗಳು ಬಾಂಬ್ ಹಾಕಿದವು. ಇಲ್ಲಿಯಾದರೆ ಮೇಲಿನಿಂದ ಏನೂ ಕಾಣದು, ಹೃದಯಪುರದ ಕಡೆಯಿಂದ ಭಾರತದ ಗಡಿ ಕೂಗಳತೆ.

ಏಪ್ರಿಲ್ 17ರ ವೇದಿಕೆಗೆ ಮರದ ಮಂಚಗಳನ್ನು ಜೋಡಿಸಿದ್ದರು. ಕುರ್ಚಿಗಳು ಅಕ್ಕಪಕ್ಕದ ಮನೆಗಳಿಂದ ಎರವಲು ತಂದವು, ಕೆಲವಕ್ಕೆ ಕೈ ಇರಲಿಲ್ಲ. ಪ್ರೊ. ಯೂಸುಫ್ ಅಲಿ ಸ್ವಾತಂತ್ರ್ಯ ಘೋಷಣೆ ಓದಿದರು. ರಾಷ್ಟ್ರಪತಿ ಶೇಖ್ ಮುಜೀಬ್ ಪಾಕಿಸ್ತಾನದ ಸೆರೆಯಲ್ಲಿದ್ದುದರಿಂದ ಸೈಯದ್ ನಜ್ರುಲ್ ಇಸ್ಲಾಂ ಹಂಗಾಮಿ ರಾಷ್ಟ್ರಪತಿ. ಕಾರ್ಯಕ್ರಮ ಮುಗಿದದ್ದೇ ತಡ, ಸಂಪುಟ ಕೋಲ್ಕತ್ತಾಕ್ಕೆ ವಾಪಸ್. ಢಾಕಾ ಮುಟ್ಟಿದ್ದು ಡಿಸೆಂಬರ್ 22ಕ್ಕೆ.

ಪ್ರಮಾಣವಚನದ ಜಾಗವನ್ನು ಕೆಂಪು ನೆಲ ಗುರುತಿಸುತ್ತದೆ. ಸುತ್ತಲಿನ 23 ತ್ರಿಕೋನ ಗೋಡೆಗಳು ಪಾಕ್ ಆಳ್ವಿಕೆಯ 23 ವರ್ಷಗಳು. ಒಂದಕ್ಕಿಂತ ಒಂದು ಎತ್ತರ. ಪಕ್ಕದ ಸಂಕೀರ್ಣದ ಪ್ರತಿಮೆಗಳ ಹಳೆಯ ಚಿತ್ರಗಳನ್ನು ನಂಬಿ ಹೋಗಬೇಡಿ, 2024ರ ಆಗಸ್ಟ್‌ನಲ್ಲಿ ಹಲವನ್ನು ಒಡೆದುಹಾಕಿದ್ದಾರೆ. ಆ ಸಂಪುಟದ ಕಥೆಯೂ ಹಾಗೆಯೇ ಒಡೆದದ್ದು. ನಜ್ರುಲ್ ಇಸ್ಲಾಂ, ತಾಜುದ್ದೀನ್, ಹಣಕಾಸು ಸಚಿವ ಮನ್ಸೂರ್ ಅಲಿ, ಗೃಹ ಸಚಿವ ಕಮರುಜ್ಜಮಾನ್, ನಾಲ್ವರನ್ನೂ 1975ರ ನವೆಂಬರ್ 3ರಂದು ಢಾಕಾ ಜೈಲಿನೊಳಗೆ ಕೊಂದರು. ಆಗ ರಾಷ್ಟ್ರಪತಿ ಕುರ್ಚಿಯಲ್ಲಿದ್ದವರು ಅದೇ ಸಂಪುಟದ ವಿದೇಶಾಂಗ ಸಚಿವ ಖಂದಕರ್ ಮುಷ್ತಾಕ್.