ಓರೆ ಅಕ್ಷರ ಇಲ್ಲದ ಪುಟ

ಇವತ್ತು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಲೈಬ್ರರಿಯಲ್ಲಿ ಬಾನು ಮುಷ್ತಾಕ್ ಅವರ ಕತೆಯನ್ನೂ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಪಿಎಚ್‌ಡಿ ಕೆಲಸ, ಸಾಲು ಸಾಲು ಹೋಲಿಸಬೇಕು. ಅನುವಾದದಲ್ಲಿ ಕನ್ನಡ, ಉರ್ದು, ಅರಬ್ಬಿ ಪದಗಳು ಹಾಗೇ ಉಳಿದಿವೆ. ಪರಭಾಷೆಯ ಪದ ಅಂತ ಬೇರೆ ಮಾಡಿ ತೋರಿಸುವ ಓರೆ ಅಕ್ಷರ (ಇಟಾಲಿಕ್ಸ್) ಇಲ್ಲ, ಅಡಿಟಿಪ್ಪಣಿಯೂ ಇಲ್ಲ. ನಮ್ಮ ಮಾತು ಯಾರ ಮುಂದೆಯೂ ಕುಗ್ಗದೆ ನಿಂತ ಹಾಗಿತ್ತು. ಆ ಪುಟದ ಮೇಲೆ ಬೆರಳಿಟ್ಟು ಸುಮ್ನೆ ಕೂತುಬಿಟ್ಟೆ.

2022ರಲ್ಲಿ ಹಿಂದಿಯ ಗೀತಾಂಜಲಿ ಶ್ರೀ ಅವರಿಗೆ, 2025ರಲ್ಲಿ ಹಾಸನದ ಬಾನು ಅವರಿಗೆ ಇಂಗ್ಲಿಷ್ ಅನುವಾದಗಳಿಗೆ ಕೊಡುವ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ಮನೆಗೆ ಬರುವಾಗ ಕಾದಂಬರಿಕಾರ್ತಿ ತ್ರಿವೇಣಿ ನೆನಪಾದರು. ಇದೇ ಮೈಸೂರಿನವರು, 1963ರಲ್ಲಿ ತೀರಿಕೊಂಡಾಗ 35 ಕೂಡ ತುಂಬಿರಲಿಲ್ಲ. ಅವರಿಗೂ ಇಂಥ ಅನುವಾದಕಿ ಆಗಲೇ ಸಿಕ್ಕಿದ್ದರೆ?

ರಾತ್ರಿ ಅಮ್ಮನಿಗೆ ಕತೆ ಓದಿ ಹೇಳಿದೆ. "ನಮ್ಮ ಬೀದೀಲೇ ನಡೆದಂಗಿದೆ ಅಲ್ವಾ" ಅಂದ್ರು.