ಬೇಗ ಹಬ್ಬುವ ಹವಳಗಳಿಗೆ ಮೊದಲೇ ಗಡಿ ಹಾಕಿ

ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಹೊಸದಾಗಿ ಇಟ್ಟವರಿಗೆ ಎಲ್ಲರೂ ಮೊದಲು ಹೇಳುವುದು ಸುಲಭಕ್ಕೆ ಸಾಯದ ಹವಳಗಳ ಹೆಸರನ್ನೇ. ಗ್ರೀನ್ ಸ್ಟಾರ್ ಪಾಲಿಪ್, ಝೀನಿಯಾ, ಮಶ್ರೂಮ್, ಕೆನ್ಯಾ ಟ್ರೀ, ಜೋವಾಂಥಿಡ್. ನೀರಿನಲ್ಲಿ ಸ್ವಲ್ಪ ಏರುಪೇರಾದರೂ ತಡೆದುಕೊಳ್ಳುತ್ತವೆ, ಸಾಧಾರಣ ಬೆಳಕಿದ್ದರೂ ಸಾಕು. ಸಲಹೆ ಸರಿಯಾಗೇ ಇದೆ. ಆದರೆ ಜೊತೆಗೇ ಹೇಳಬೇಕಾದ ಇನ್ನೊಂದು ಮಾತು ಉಳಿದುಹೋಗುತ್ತದೆ: ಇವು ಎಲ್ಲಿ ಇರಬೇಕು ಅನ್ನುವುದನ್ನು ಟ್ಯಾಂಕಿಗೆ ಇಳಿಸುವ ಮೊದಲೇ ತೀರ್ಮಾನ ಮಾಡಿ. ಒಮ್ಮೆ ಮುಖ್ಯ ಬಂಡೆ ಹಿಡಿದರೆ ಆಮೇಲೆ ಕತ್ತರಿಸುತ್ತಾ ಇರಬೇಕು ಅಷ್ಟೇ, ಪೂರ್ತಿ ತೆಗೆಯುವುದು ತುಂಬಾ ಕಷ್ಟ.

ಇವುಗಳನ್ನು ಕಳೆ ಅಂತ ಬೈಯುವವರ ಜೊತೆ ನಾನಿಲ್ಲ. ಝೀನಿಯಾದ ಪುಟ್ಟ ಕೈಗಳು ಮುಚ್ಚಿ ತೆರೆಯುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಸಮಸ್ಯೆ ಇರುವುದು ಜಾಗದ್ದು. ನಿಧಾನವಾಗಿ ಬೆಳೆಯುವ ಗಟ್ಟಿ ಹವಳದ ಪಕ್ಕ ಇವನ್ನು ಇಟ್ಟರೆ ಸೋಲುವುದು ಹೆಚ್ಚಾಗಿ ಆ ಗಟ್ಟಿ ಹವಳವೇ.

ಗ್ರೀನ್ ಸ್ಟಾರ್ ಪಾಲಿಪ್ ನೋಡಿ. ಮೇಲೆ ಹಸಿರು ಅರಳಿರುತ್ತದೆ, ನಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ. ನೋಡಬೇಕಾದ್ದು ಕೆಳಗಿನ ನೇರಳೆ ಪದರ. ಹಬ್ಬುವುದು ಅದು. ಅದರ ಅಂಚು ತೆಳ್ಳಗಿರುತ್ತದೆ, ಅಲ್ಲಿ ಇನ್ನೂ ಪಾಲಿಪ್ (ಹೂವಿನಂತೆ ಅರಳುವ ಪುಟ್ಟ ಜೀವಿ) ಹುಟ್ಟಿರುವುದಿಲ್ಲ, ಹಾಗಾಗಿ ದೂರದಿಂದ ನೋಡಿದರೆ ಬಂಡೆಯ ಮೇಲಿನ ಕೋರಲೈನ್ ಪಾಚಿ ಅಂತಲೇ ಅನಿಸುತ್ತದೆ. ಉಗುರಿನಿಂದ ಮುಟ್ಟಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕೋರಲೈನ್ ಕಲ್ಲಿನಷ್ಟೇ ಗಟ್ಟಿ, ಇದು ಮೆತ್ತಗೆ ಜಗ್ಗುತ್ತದೆ. ಆ ಅಂಚು ಎರಡು ಕಲ್ಲು ಕೂಡುವ ಸಂದಿಗೆ ಬಂತು ಅಂದರೆ ಕೈ ಹಾಕಲೇಬೇಕು. ಗಾಜಿನ ಮೇಲೆ ಹಬ್ಬಿದ್ದರೆ ಕೆಲಸ ಸುಲಭ, ಬ್ಲೇಡಿನಿಂದ ಒಂದು ಮೂಲೆ ಎಬ್ಬಿಸಿ ಎಳೆದರೆ ಚಾಪೆ ಸುತ್ತಿದ ಹಾಗೆ ಇಡೀ ಹಾಳೆ ಎದ್ದು ಬರುತ್ತದೆ. ತೂತು ತೂತಾದ ಬಂಡೆಯಿಂದ ಮಾತ್ರ ಹಾಗೆ ಬರುವುದಿಲ್ಲ. ತೂತಿನೊಳಗೆ ಒಂದು ಚೂರು ನೇರಳೆ ಉಳಿದರೂ ಮತ್ತೆ ಅಲ್ಲಿಂದಲೇ ಶುರು.

ಝೀನಿಯಾದ ದಾರಿಯೇ ಬೇರೆ. ಅದು ಬೆಳಕಿನ ಕಡೆಗೆ ಮೆಲ್ಲಗೆ ತೆವಳುತ್ತದೆ, ಹೋಗುತ್ತಾ ಎರಡಾಗುತ್ತದೆ. ಕಿತ್ತರೆ ಮೇಲಿನ ಭಾಗ ಕೈಗೆ ಬರುತ್ತದೆ, ಪಾದ ಬಂಡೆಯಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಕೀಳುವ ಬದಲು ಪಕ್ಕದಲ್ಲಿ, ಬೆಳಕು ಜಾಸ್ತಿ ಇರುವ ಕಡೆ, ಒಂದು ಸಣ್ಣ ಕಲ್ಲಿಡಿ. ಅದು ತಾನಾಗಿಯೇ ಆ ಕಲ್ಲಿನ ಮೇಲೆ ಹತ್ತಿದ ಮೇಲೆ ಕಲ್ಲು ಸಮೇತ ತೆಗೆಯಬಹುದು. ನಿಧಾನದ ಕೆಲಸ, ಆದರೆ ಚೂರುಗಳು ನೀರಿನಲ್ಲಿ ತೇಲಿ ಬೇರೆ ಕಡೆ ಬೇರು ಬಿಡುವ ಕಾಟ ಇಲ್ಲ. ಕೆನ್ಯಾ ಟ್ರೀ ತನ್ನ ಕೊಂಬೆಗಳನ್ನು ತಾನೇ ಉದುರಿಸುತ್ತದೆ, ಹಾಗಾಗಿ ಅದಕ್ಕೆ ಯಾವ ಗಡಿಯೂ ನಡೆಯುವುದಿಲ್ಲ, ಬಿದ್ದದ್ದನ್ನು ಆಗಾಗ ಹೆಕ್ಕುತ್ತಾ ಇರಬೇಕು.

ಮಶ್ರೂಮ್ ವಿಷಯದಲ್ಲಿ ಒಂದೇ ಮಾತು: ಬಂಡೆಯ ಮೇಲೆ ಇಟ್ಟುಕೊಂಡು ಕತ್ತರಿಸಬೇಡಿ. ಅದು ಜರುಗುವಾಗ ಪಾದದ ಚೂರುಗಳನ್ನು ಹಿಂದೆ ಬಿಟ್ಟು ಹೋಗುತ್ತದೆ, ಒಂದೊಂದು ಚೂರೂ ಹೊಸ ಮಶ್ರೂಮ್ ಆಗುತ್ತದೆ. ನೀವು ಬ್ಲೇಡ್ ಆಡಿಸಿದರೆ ಅದರ ಕೆಲಸವನ್ನೇ ಮಾಡಿಕೊಟ್ಟಂತೆ. ಅದು ಕೂತಿರುವ ಕಲ್ಲಿನ ಪದರವನ್ನೇ ಉಳಿಯಿಂದ ಎಬ್ಬಿಸಿ ತೆಗೆಯಿರಿ. ಹರಡಿಕೊಂಡು ಬೆಳೆಯುವ ಮಾಂಟಿಪೋರಾ ಅನ್ನುವ ಗಟ್ಟಿ ಹವಳಕ್ಕೂ ಇದೇ ಉಳಿ ಸಾಕು.

ಹಾಗಾದರೆ ಗಡಿ ಅಂದರೆ ಏನು? ಮರಳಿನ ಮಧ್ಯೆ ಒಂಟಿ ಕಲ್ಲು, ಬಂಡೆಗಳಿಂದ ಒಂದು ಗೇಣು ದೂರ, ಮರಳಿಗೆ ಸುಮ್ನೆ ಇಟ್ಟದ್ದು, ಅಂಟಿಸಿದ್ದಲ್ಲ. ಹೆಚ್ಚಾದಾಗ ಇಡೀ ಕಲ್ಲನ್ನು ಹೊರಗೆತ್ತಿ, ಸುತ್ತ ಕತ್ತರಿಸಿ, ಮತ್ತೆ ಒಳಗಿಡಬಹುದು. ಗ್ರೀನ್ ಸ್ಟಾರ್ ಪಾಲಿಪ್‌ಗೆ ಟ್ಯಾಂಕಿನ ಹಿಂದಿನ ಗೋಡೆ ಕೊಟ್ಟುಬಿಡುವುದು ನನಗೆ ತುಂಬಾ ಇಷ್ಟ. ಗೋಡೆ ಪೂರ್ತಿ ಹಸಿರಾಗಿ ಅಲೆಯುತ್ತಿರುತ್ತದೆ, ಬಂಡೆ ಗೋಡೆಗೆ ತಾಗದಂತೆ ಜಾಗ ಬಿಟ್ಟರೆ ಸಾಕು.

ಮಶ್ರೂಮ್ ಈಗಾಗಲೇ ಅಲ್ಲಲ್ಲಿ ಹಬ್ಬಿದ್ದರೆ ಸುಣ್ಣ ಕೆಲಸಕ್ಕೆ ಬರುತ್ತದೆ. ಅಕ್ವೇರಿಯಂಗೆಂದೇ ಮಾರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ಕಲಸಿ, ಪಂಪುಗಳನ್ನೆಲ್ಲ ನಿಲ್ಲಿಸಿ, ಸಿರಿಂಜಿನಿಂದ ಆ ಒಂದು ಮಶ್ರೂಮಿನ ಮೇಲೆ ಮಾತ್ರ ಹಾಕಿ. 15-20 ನಿಮಿಷ ಬಿಟ್ಟು ಪಂಪ್ ಹಾಕಿ. ಸುಣ್ಣದಿಂದ ಪಿಎಚ್ ಏರುತ್ತದೆ, ಹಾಗಾಗಿ ಒಂದು ಸಲಕ್ಕೆ ನಾಲ್ಕೈದಕ್ಕಿಂತ ಜಾಸ್ತಿ ಬೇಡ, ಸಣ್ಣ ಟ್ಯಾಂಕಾದರೆ ಇನ್ನೂ ಕಡಿಮೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು ಅದು.

ಒಂದೇ ದಿನ ಎಲ್ಲವನ್ನೂ ತೆಗೆದುಹಾಕುವ ಆಸೆ ಬರುತ್ತದೆ, ಅಲ್ವಾ? ತಡೆದುಕೊಳ್ಳಿ. ಈ ಮೆತ್ತನೆ ಹವಳಗಳು ನೋವಾದಾಗ ನೀರಿಗೆ ರಾಸಾಯನಿಕ ಬಿಡುತ್ತವೆ, ಗಟ್ಟಿ ಹವಳಗಳು ಅದಕ್ಕೆ ಮುದುಡಿಕೊಳ್ಳುತ್ತವೆ. ಕತ್ತರಿಸಿದ ದಿನ ಅದನ್ನು ಹೀರಿಕೊಳ್ಳಲು ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಸ್ವಲ್ಪ ನೀರು ಬದಲಾಯಿಸಿ. ಇನ್ನೊಂದು ವಿಷಯ, ದಟ್ಟವಾಗಿ ಬೆಳೆದ ಝೀನಿಯಾ ಇಷ್ಟು ದಿನ ನೀರಿನ ನೈಟ್ರೇಟನ್ನೂ ಫಾಸ್ಫೇಟನ್ನೂ ಹೀರುತ್ತಿತ್ತು. ಅದನ್ನು ಒಮ್ಮೆಗೇ ತೆಗೆದರೆ ಖಾಲಿಯಾದ ಬಂಡೆಯನ್ನು ಪಾಚಿ ಹಿಡಿಯುತ್ತದೆ. ಒಂದು ಭಾಗ ತೆಗೆದು, ನೀರು ಪರೀಕ್ಷೆ ಮಾಡಿ, ಆಮೇಲೆ ಮುಂದಿನದು. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿ ಹಸಿವಿನಿಂದ ಕೊಲ್ಲುವ ಉಪಾಯವನ್ನು ನಾನಂತೂ ಒಪ್ಪುವುದಿಲ್ಲ, ಮೊದಲು ಬಿಳಚುವುದು ನೀವು ಉಳಿಸಬೇಕೆಂದಿರುವ ಹವಳ, ಹಿಂದೆಯೇ ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿಗಳ ಲೋಳೆ ಬರಬಹುದು.

ಜೋವಾಂಥಿಡ್ ಮತ್ತು ಅದೇ ಗುಂಪಿನ ಪಾಲಿಥೋವಾ ಬಗ್ಗೆ ದಯವಿಟ್ಟು ಗಮನ ಕೊಟ್ಟು ಓದಿ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ವಿಷ ಇದೆ. ಹವಾಯಿಯ ಪಾಲಿಥೋವಾದಿಂದ ಅದನ್ನು ಬೇರ್ಪಡಿಸಿದ ವರದಿ 1971ರಲ್ಲೇ ಬಂತು, ಗೊತ್ತಿರುವ ಅತಿ ತೀವ್ರ ವಿಷಗಳಲ್ಲಿ ಅದೂ ಒಂದು. ಯಾವುದರಲ್ಲಿ ಎಷ್ಟಿದೆ ಅಂತ ಬಣ್ಣ ನೋಡಿ ಹೇಳಲಾಗುವುದಿಲ್ಲ. ಇವು ಹಬ್ಬಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಹೊರಗಿಟ್ಟು ಬ್ರಷ್‌ನಿಂದ ಉಜ್ಜಬೇಡಿ. ಆವಿಯ ಜೊತೆ ವಿಷ ಗಾಳಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಕತ್ತರಿಸುವಾಗ ಕೈಗವಸು, ಕಣ್ಣಿಗೆ ರಕ್ಷಣೆ ಕಡ್ಡಾಯ. ಬಾಯಲ್ಲಿ ಲೋಹದ ರುಚಿ, ಉಸಿರಾಟಕ್ಕೆ ತೊಂದರೆ, ಜ್ವರ, ಕಣ್ಣುರಿ ಕಾಣಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಪಾಲಿಟಾಕ್ಸಿನ್ ಅನ್ನುವ ಹೆಸರನ್ನು ವೈದ್ಯರಿಗೆ ಹೇಳಿ. ಆ ಹೆಸರು ಹೇಳದಿದ್ದರೆ ಅವರಿಗೆ ಸುಳಿವು ಸಿಗುವುದು ಕಷ್ಟ.

ಕತ್ತರಿಸಿದ್ದನ್ನು ಸಮುದ್ರಕ್ಕೆ ಬಿಡುವುದು ಒಳ್ಳೆಯ ಕೆಲಸ ಅಂತ ಕೆಲವರು ಅಂದುಕೊಂಡಿದ್ದಾರೆ. ಖಂಡಿತ ಬೇಡ. ಝೀನಿಯಾದ ಹತ್ತಿರದ ಸಂಬಂಧಿ ಯುನೋಮಿಯಾ ಸ್ಟೊಲೊನಿಫೆರಾ ಮೂಲತಃ ಇಂಡೋ-ಪೆಸಿಫಿಕ್ ಸಮುದ್ರದ್ದು. ವೆನೆಜುವೆಲಾದ ಕರಾವಳಿಯಲ್ಲಿ ಅದು ಅಲ್ಲಿನ ಹವಳ, ಕಡಲಹುಲ್ಲು ಎರಡನ್ನೂ ಮುಚ್ಚಿ ಬೆಳೆದಿದೆ. 2020ರಲ್ಲಿ ಹವಾಯಿಯ ಪರ್ಲ್ ಹಾರ್ಬರ್‌ನಲ್ಲೂ ಕಂಡಿತು. ಅಕ್ವೇರಿಯಂ ವ್ಯಾಪಾರದಿಂದಲೇ ಬಂದಿರಬೇಕು ಅನ್ನುವುದು ಬಲವಾದ ಅನುಮಾನ. ಬೇಡದ ಚೂರುಗಳನ್ನು ಚೀಲದಲ್ಲಿ ಗಟ್ಟಿಯಾಗಿ ಕಟ್ಟಿ ಕಸಕ್ಕೆ ಹಾಕಿ, ಚರಂಡಿಗೂ ಬೇಡ. ಯಾರಿಗಾದರೂ ಕೊಡುವುದಾದರೆ ಸಣ್ಣ ಕಲ್ಲಿಗೆ ಅಂಟಿಸಿ ಕೊಡಿ, ಇದು ಬೇಗ ಹಬ್ಬುತ್ತದೆ, ಬಂಡೆಗೆ ತಾಗಿಸಬೇಡಿ ಅಂತ ಕೊಡುವಾಗಲೇ ಹೇಳಿಬಿಡಿ.