ಬೆಂಚಿನ ಮೇಲೆ ಕೂತೇ ಉಳಿದವರು

2025ರ ಮೇ 21ರ ರಾತ್ರಿ ಹನ್ನೊಂದು ಗಂಟೆ ಮೀರಿದ ಮೇಲೆ ಮಂಡ್ಯದಿಂದ ಚಿಕ್ಕಪ್ಪನ ಫೋನ್ ಬಂತು. ಅಲ್ಲಿ ಬೆಳಗಿನ ಎಂಟೂವರೆ ದಾಟಿತ್ತು. ಕಾಲೇಜಿನ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದ ಅವರು, ನಾನು ಜರ್ಸಿ ಸಿಟಿಗೆ ಬಂದು ನ್ಯೂಯಾರ್ಕ್ ನಿಕ್ಸ್ ತಂಡವನ್ನು ಹಚ್ಚಿಕೊಂಡ ಮೇಲೆ, ನಸುಕಿನಲ್ಲೇ ಎದ್ದು ಪಂದ್ಯ ನೋಡುವ ರೂಢಿ ಮಾಡಿಕೊಂಡಿದ್ದಾರೆ. "ಏನಪ್ಪಾ, ನಿಮ್ಮ ಕೋಚ್‌ಗೆ ಬೆಂಚ್ ಮೇಲೆ ಕೂತಿರೋ ಹುಡುಗರು ಕಣ್ಣಿಗೇ ಬೀಳೋದಿಲ್ವಾ?" ಎಂದು ಕೇಳಿದರು. ನನಗೆ ಮಾತೇ ಹೊರಡಲಿಲ್ಲ.

ಆ ರಾತ್ರಿ ನಡೆದದ್ದು ಹೀಗೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪೂರ್ವ ವಿಭಾಗದ ಅಂತಿಮ ಸರಣಿಯಾದ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಸಲ್ಲುವ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಸ್ವಂತ ನೆಲದಲ್ಲಿ, ಮೂರು ನಿಮಿಷಕ್ಕೂ ಕಡಿಮೆ ಆಟ ಬಾಕಿ ಇದ್ದಾಗ ನಿಕ್ಸ್ 14 ಅಂಕ ಮುಂದಿತ್ತು. ಇಂಡಿಯಾನಾ ಪೇಸರ್ಸ್ ತಂಡದ ಏರನ್ ನೀಸ್ಮಿತ್ ಆ ಕೊನೆಯ ಕ್ವಾರ್ಟರ್ ಒಂದರಲ್ಲೇ, ದೂರದಿಂದ ಎಸೆದು ಮೂರು ಅಂಕ ಗಳಿಸುವ ಆರು ತ್ರೀ ಪಾಯಿಂಟರ್‌ ಹಾಕಿದರು. ಕೊನೆಯ ಕ್ಷಣದಲ್ಲಿ ಟೈರೀಸ್ ಹ್ಯಾಲಿಬರ್ಟನ್ ಎಸೆದ ಚೆಂಡು ರಿಮ್ಮಿಗೆ ಬಡಿದು ಬ್ಯಾಕ್‌ಬೋರ್ಡಿಗಿಂತಲೂ ಮೇಲಕ್ಕೆ ಹಾರಿ, ಮತ್ತೆ ನೇರವಾಗಿ ಬುಟ್ಟಿಯೊಳಕ್ಕೇ ಇಳಿಯಿತು. ಸ್ಕೋರ್ 125ಕ್ಕೆ ಸಮವಾಯಿತು. ಓವರ್‌ಟೈಮಿನಲ್ಲಿ ನಾವು 138–135ರಲ್ಲಿ ಸೋತೆವು.

ಅದೃಷ್ಟ ಕೈಕೊಟ್ಟಿತು ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇಡೀ ಋತುವನ್ನು ಹತ್ತಿರದಿಂದ ನೋಡಿದವರಿಗೆ ಅದು ಅದೃಷ್ಟದ ಮಾತಷ್ಟೇ ಅಲ್ಲವೆಂದು ಗೊತ್ತಿತ್ತು. ಕೋಚ್ ಟಾಮ್ ತಿಬೊಡೋ ಅವರು ಜೇಲನ್ ಬ್ರನ್ಸನ್, ಮಿಕಾಲ್ ಬ್ರಿಡ್ಜಸ್, ಜಾಶ್ ಹಾರ್ಟ್, ಓಜಿ ಅನುನೋಬಿ ಮತ್ತು ಕಾರ್ಲ್-ಆಂಥನಿ ಟೌನ್ಸ್ ಎಂಬ ಐವರನ್ನು ಒಟ್ಟಿಗೆ 940 ನಿಮಿಷ ಆಡಿಸಿದ್ದರು. ಲೀಗಿನ ಮೂವತ್ತು ತಂಡಗಳಲ್ಲಿ ಬೇರೆ ಯಾವ ಐವರ ಜೋಡಣೆಯೂ ಆ ವರ್ಷ ಅಷ್ಟು ಹೊತ್ತು ಅಂಗಳದಲ್ಲಿರಲಿಲ್ಲ. 48 ನಿಮಿಷದ ಆಟದಲ್ಲಿ ಹಾರ್ಟ್ ಮತ್ತು ಬ್ರಿಡ್ಜಸ್ ಸರಾಸರಿ 37 ನಿಮಿಷ ಓಡುತ್ತಿದ್ದರು. ಅದೂ 82 ಪಂದ್ಯಗಳ ಋತುವಿನಲ್ಲಿ. ಮಾರ್ಚ್ ತಿಂಗಳಲ್ಲಿ ಬ್ರಿಡ್ಜಸ್ ಅವರೇ ಪತ್ರಕರ್ತರ ಮುಂದೆ, ಆರಂಭಿಕ ಆಟಗಾರರ ಹೊರೆ ಇಳಿಸುವ ಬಗ್ಗೆ ಕೋಚ್ ಜೊತೆ ಮಾತಾಡಿದ್ದೇನೆ ಎಂದರು. ಅಂಥ ಮಾತುಕತೆಯೇ ನಡೆದಿಲ್ಲವೆಂದು ತಿಬೊಡೋ ಹೇಳಿದರು. ಆ ದಿನ ನನಗಾದ ಬೇಸರ ಸೋತ ದಿನಗಳ ಬೇಸರಕ್ಕಿಂತ ದೊಡ್ಡದು. ದುಡಿಯುವವನು ದಣಿದಿದ್ದೇನೆ ಎಂದಾಗ ಆ ಮಾತನ್ನು ಕೇಳಿಸಿಕೊಂಡೆ ಎಂದಾದರೂ ಹೇಳಬೇಕಲ್ಲವೇ?

ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲಿ ಪೋರ್ಟೊರಿಕೊ ಮೂಲದ ಹಿರಿಯರೊಬ್ಬರಿದ್ದಾರೆ. ಈ ಋತುವಿಗೆ ಮೊದಲು ನಿಕ್ಸ್ ಕೊನೆಯ ಬಾರಿ ಚಾಂಪಿಯನ್ ಆಗಿದ್ದ 1973ರಲ್ಲಿ ಅವರಿನ್ನೂ ಶಾಲೆಯ ಹುಡುಗ. ಬಟ್ಟೆ ಒಗೆಯುವ ಯಂತ್ರಗಳಿರುವ ನೆಲಮಾಳಿಗೆಯಲ್ಲಿ ನಮ್ಮಿಬ್ಬರ ಪರಿಚಯವಾದದ್ದು. ಅವರ ಬಳಿ ಒಂದು ಗೆರೆ ಪುಸ್ತಕವಿದೆ. ಪ್ರತಿ ಪಂದ್ಯದ ಮರುದಿನ ಅದರಲ್ಲಿ ಅಂಕಗಳನ್ನಲ್ಲ, ಯಾರು ಎಷ್ಟು ನಿಮಿಷ ಆಡಿದರು ಎಂಬುದನ್ನು ಮಾತ್ರ ಬರೆಯುತ್ತಾರೆ. ಒಮ್ಮೆ ಪುಟ ತಿರುವಿ ತೋರಿಸಿದರು: ಎಡಗಡೆಯ ಐದು ಕಂಬಸಾಲುಗಳಲ್ಲಿ 38, 41, 39, 40 ಎಂದು ನೀಲಿ ಶಾಯಿ ಒತ್ತೊತ್ತಾಗಿ ಇಳಿದಿತ್ತು, ಬಲಗಡೆಯ ಸಾಲುಗಳಲ್ಲಿ ಬರಿಯ ಅಡ್ಡಗೆರೆಗಳು. ಆ ಪುಟ ನೋಡಿದ ಮೇಲೆ ನನಗೆ ಬೇರೆ ಅಂಕಿಅಂಶ ಬೇಕೆನಿಸಲಿಲ್ಲ.

ದಣಿವಿನ ಮಾತು ಒಂದು ಕಡೆಗಿರಲಿ, ಜೋಡಣೆಯಲ್ಲೇ ಒಂದು ತೊಡಕಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಳು ಅಡಿಯ ಟೌನ್ಸ್ ದೂರದಿಂದಲೂ ಗುರಿಯಿಟ್ಟು ಎಸೆಯಬಲ್ಲ ಅಪರೂಪದ ಸೆಂಟರ್, ಅಂದರೆ ಸಾಮಾನ್ಯವಾಗಿ ಬುಟ್ಟಿಯ ಬಳಿಯೇ ಆಡುವ ಎತ್ತರದ ಆಟಗಾರ. ಅವರು ಬ್ರನ್ಸನ್‌ಗೆ ತಡೆಗೋಡೆಯಾಗಿ ನಿಂತು ತಕ್ಷಣ ಹೊರಕ್ಕೆ ಸರಿದರೆ, ಎದುರಾಳಿಯ ಎತ್ತರದ ಸೆಂಟರ್ ಕೂಡ ಅವರನ್ನು ಹಿಂಬಾಲಿಸಿ ಹೊರಬರಬೇಕು. ಆಗ ಬುಟ್ಟಿಯ ಕೆಳಗಿನ ಜಾಗ ತೆರವಾಗಿ ಬ್ರನ್ಸನ್ ನುಗ್ಗಬಹುದು. ಋತುವಿನ ಮೊದಲರ್ಧದಲ್ಲಿ ಇದು ಸೊಗಸಾಗಿ ನಡೆಯಿತು. ಆಮೇಲೆ ಎದುರಾಳಿಗಳು ಪಾಠ ಕಲಿತರು. ಟೌನ್ಸ್‌ಗೆ ಚುರುಕಿನ, ಗಿಡ್ಡ ಆಟಗಾರನನ್ನು ಕಾವಲಿಟ್ಟು, ತಮ್ಮ ಸೆಂಟರನ್ನು ಹಾರ್ಟ್ ಪಾಲಿಗೆ ಬಿಟ್ಟರು. ಹಾರ್ಟ್ ಎದೆಗಾರಿಕೆಯ ಆಟಗಾರ, ತನಗಿಂತ ಎತ್ತರದವರ ನಡುವೆ ಹಾರಿ ರಿಬೌಂಡ್, ಅಂದರೆ ಗುರಿ ತಪ್ಪಿ ಮರಳುವ ಚೆಂಡನ್ನು, ಕಿತ್ತುಕೊಳ್ಳುವವರು. ಆದರೆ ದೂರದಿಂದ ಅವರ ಎಸೆತಕ್ಕೆ ಯಾರೂ ಹೆದರುತ್ತಿರಲಿಲ್ಲ. ಹಾಗಾಗಿ ಆ ಸೆಂಟರ್ ಅವರನ್ನು ಅವರ ಪಾಡಿಗೆ ಬಿಟ್ಟು ಬುಟ್ಟಿಯ ಕೆಳಗೇ ಠಿಕಾಣಿ ಹೂಡಿದರೆ, ಬ್ರನ್ಸನ್ ನುಗ್ಗಿದಲ್ಲೆಲ್ಲ ಗೋಡೆ. ಪ್ಲೇಆಫ್ ಬಂದಾಗ ಈ ಐವರು ಒಟ್ಟಿಗಿದ್ದ ಹೊತ್ತಿನಲ್ಲಿ ನಮಗಿಂತ ಎದುರಾಳಿಗಳೇ ಹೆಚ್ಚು ಅಂಕ ಗಳಿಸುತ್ತಿದ್ದರು. ಬಾಸ್ಟನ್‌ನಲ್ಲಿ ಪೇಸರ್ಸ್ ಸರಣಿಗೆ ಹಿಂದಿನ ಸುತ್ತಿನ ಸತತ ಎರಡು ಪಂದ್ಯಗಳಲ್ಲಿ 20 ಅಂಕ ಹಿಂದೆ ಬಿದ್ದು ಎದ್ದು ಬಂದು ಗೆದ್ದದ್ದನ್ನು ಊರೆಲ್ಲ ಸಾಹಸವೆಂದು ಕೊಂಡಾಡಿತು, ನಾನೂ ಕುಣಿದಿದ್ದೇನೆ. ಆದರೂ ಪದೇ ಪದೇ ಯಾಕೆ ಹಾಗೆ ಹಿಂದೆ ಬೀಳುತ್ತೇವೆ ಎಂಬ ಪ್ರಶ್ನೆ ಒಳಗೇ ಕೊರೆಯುತ್ತಿತ್ತು.

ಪೇಸರ್ಸ್ ವಿರುದ್ಧ ಮೊದಲ ಎರಡು ಪಂದ್ಯಗಳನ್ನೂ ತವರಿನಲ್ಲೇ ಸೋತ ಮೇಲೆ, ಮೂರನೆಯ ಪಂದ್ಯಕ್ಕೆ ಕೋಚ್ ಕೊನೆಗೂ ಬದಲಾವಣೆ ಮಾಡಿದರು. ಹಾರ್ಟ್ ಬದಲಿಗೆ ಮಿಚೆಲ್ ರಾಬಿನ್ಸನ್ ಆರಂಭಿಕರಾದರು. ಮರೆತೇ ಹೋದಂತಿದ್ದ ಡೆಲಾನ್ ರೈಟ್ ಮತ್ತು ಲ್ಯಾಂಡ್ರಿ ಶಾಮೆಟ್ ಅಂಗಳಕ್ಕಿಳಿದರು. ಅಂದೂ ತಂಡ 20 ಅಂಕ ಹಿಂದೆ ಬಿತ್ತು, ನಿಜ. ಆದರೆ ಬೆಂಚಿನಿಂದ ಬಂದವರು ಕಾವಲು ಬಿಗಿಮಾಡಿದರು, ಟೌನ್ಸ್ ಕೊನೆಯ ಕ್ವಾರ್ಟರಿನಲ್ಲೇ 20 ಅಂಕ ಬಾರಿಸಿದರು, ನಾವು 106–100ರಲ್ಲಿ ಗೆದ್ದೆವು. ಗೆದ್ದ ಸಂತೋಷದ ಬೆನ್ನಲ್ಲೇ ನನಗೆ ಹೊಟ್ಟೆ ಉರಿಯಿತು. ರೈಟ್, ಶಾಮೆಟ್ ಇಬ್ಬರಿಗೂ ಫೆಬ್ರವರಿಯಿಂದಲೇ ದಿನಕ್ಕೆ ಹತ್ತು ನಿಮಿಷ ಕೊಟ್ಟಿದ್ದರೆ ಮೇ ತಿಂಗಳಲ್ಲಿ ಇವರು ಎಷ್ಟು ಪಳಗಿರುತ್ತಿದ್ದರು! ಮಳೆ ಬಂದ ಮೇಲೆ ಸೂರು ಹೊದಿಸಲು ಹೊರಟಂತಾಯಿತು ಅದು. ಮೇ 31ರಂದು ಇಂಡಿಯಾನಾಪೊಲಿಸ್‌ನಲ್ಲಿ ಆರನೆಯ ಪಂದ್ಯವನ್ನು 125–108ರಲ್ಲಿ ಸೋತು ಸರಣಿ ಕೈಬಿಟ್ಟೆವು.

ಮುಂದಿನದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. ಜೂನ್ 3ರ ಬೆಳಿಗ್ಗೆ ಹತ್ತಕ್ಕೆ ಐಪಿಎಲ್ ಫೈನಲ್ ಶುರುವಾಯಿತು. ನಾನು ರಜೆ ಹಾಕಿ ಕೂತಿದ್ದೆ. ಹದಿನೆಂಟು ವರ್ಷ ಕಾದ ಕಪ್ಪನ್ನು ಆರ್‌ಸಿಬಿ ಆರು ರನ್‌ಗಳಿಂದ ಗೆದ್ದಿತು. ಮರುದಿನ ಬೆಂಗಳೂರಿನ ವಿಜಯೋತ್ಸವದಲ್ಲಾದ ಕಾಲ್ತುಳಿತದ ದುಃಖ ಇನ್ನೂ ಬಂದಿರಲಿಲ್ಲ. ಕಪ್ಪು ಗೆದ್ದ ದಿನವೇ ನಿಕ್ಸ್ ಆಡಳಿತವು ತಿಬೊಡೋ ಅವರನ್ನು ಕೆಲಸದಿಂದ ತೆಗೆದ ಸುದ್ದಿಯೂ ಬಂತು. ವರ್ಷವಿಡೀ ಅವರ ತೀರ್ಮಾನಗಳ ಮೇಲೆ ಸಿಟ್ಟಾಗುತ್ತಿದ್ದ ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ. ಅವರು 2020ರಲ್ಲಿ ಬರುವ ಮೊದಲು ಈ ತಂಡ ಸತತ ಏಳು ಋತು ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ. ಬಂದ ಮೊದಲ ವರ್ಷವೇ ತಂಡವನ್ನು ಎತ್ತಿ ನಿಲ್ಲಿಸಿ ಲೀಗಿನ ಶ್ರೇಷ್ಠ ಕೋಚ್ ಪ್ರಶಸ್ತಿ ಪಡೆದರು. 2000ದ ನಂತರ ಮೊದಲ ಬಾರಿಗೆ ಕಾನ್ಫರೆನ್ಸ್ ಫೈನಲ್ಸ್‌ವರೆಗೆ ಕರೆತಂದವರೂ ಅವರೇ. ಬಾಸ್ಟನ್ ತಂಡವನ್ನು ಮನೆಗೆ ಕಳಿಸಿದ ರಾತ್ರಿ ಏಳನೆಯ ಅವೆನ್ಯೂವಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುತಿಲ್ಲದವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಆ ರಾತ್ರಿಯನ್ನು ಈ ನಗರಕ್ಕೆ ಕೊಟ್ಟವರನ್ನು ಹೀಗೆ ಕಳಿಸಿಕೊಡಬೇಕೆಂದು ನಾನು ಯಾವತ್ತೂ ಬಯಸಿರಲಿಲ್ಲ. ನನಗೆ ಬೇಕಿದ್ದದ್ದು ದಣಿದವರಿಗೆ ವಿಶ್ರಾಂತಿ, ಕಾದವರಿಗೆ ಅವಕಾಶ, ಅಷ್ಟೇ. ಅದನ್ನು ಅವರೇ ಮಾಡಿ, ಅವರೇ ಗೆಲ್ಲಬೇಕಿತ್ತು.

ಅಂದು ಮಧ್ಯಾಹ್ನ ಚಿಕ್ಕಪ್ಪ ಫೋನ್ ಮಾಡಿದಾಗ ಮಂಡ್ಯದಲ್ಲಿ ನಡುರಾತ್ರಿ. ಹಿನ್ನೆಲೆಯಲ್ಲಿ ಪಟಾಕಿಯ ಸದ್ದು. ಕಪ್ಪಿನ ಮಾತೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ, "ಅವರನ್ನ ತೆಗೆದುಬಿಟ್ರಂತಲ್ಲಪ್ಪಾ" ಎಂದರು. ಹೌದೆಂದೆ. "ಛೇ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಂಜೆ ನೆಲಮಾಳಿಗೆಗೆ ಇಳಿದರೆ ಕೆಳಮನೆಯ ಹಿರಿಯರು ಬಟ್ಟೆ ಮಡಚುತ್ತಿದ್ದರು. ಗೆರೆ ಪುಸ್ತಕ ಪಕ್ಕದಲ್ಲೇ ಇತ್ತು. ಮೇ 31ರ ಸಾಲನ್ನು ಬರೆದು ಮುಗಿಸಿದ್ದರು. ಅದರ ಕೆಳಗೆ ಅರ್ಧ ಪುಟ ಹಾಗೇ ಖಾಲಿ ಉಳಿದಿತ್ತು.